ಪಾಂಡುರಂಗನ ಹೆಸರು ಲಡಾಯಿಗೆ ಹೋದದ್ದು

೧೯೮೮ರ ಡಿಸೆಂಬರ್ ಮೊದಲ ವಾರ. ಕಲಬುರಗಿಯ ಬ್ರಹ್ಮಪುರದಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ನಿವೃತ್ತ ಡ್ರಾಯಿಂಗ್ ಮಾಸ್ತರ ಪಾಂಡುರಂಗರಾಯರು ಬಿಸಿಲಿಗೆ ಬೆನ್ನು ಕೊಟ್ಟು ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದರು. ಪೋಸ್ಟಿನವನು ವಿಲಾಯತಿಯ ನೀಲಿ ಲಕೋಟೆಯೊಂದನ್ನು ಕೊಟ್ಟು ಹೋದ. ಅದನ್ನು ಮೊದಲು ತೆಗೆದುಕೊಂಡವರು ಹೆಂಡತಿ ಇಂದೂಬಾಯಿ.

ಇಂದೂಬಾಯಿಗೆ ಕನ್ನಡ, ಮರಾಠಿ ಎರಡೂ ಓದಲು ಬರುತ್ತಿದ್ದವು. ಇಂಗ್ಲಿಷನ್ನು ಮಾತ್ರ ಜಗತ್ ಸರ್ಕಲ್ಲಿನ ಅಂಗಡಿಗಳ ಬೋರ್ಡು ನೋಡಿ ನೋಡಿ ತಾವೇ ಕಲಿತಿದ್ದರು. ಹೀಗಾಗಿ ದೊಡ್ಡ ಅಕ್ಷರಗಳಷ್ಟೇ ಗೊತ್ತು. ಲಕೋಟೆಯ ಹಿಂದೆ ಕಳಿಸಿದವರ ಹೆಸರು ದೊಡ್ಡ ಅಕ್ಷರಗಳಲ್ಲೇ ಇತ್ತು.

"ಮಿಸೆಸ್ ಪಾಂಡುರಂಗ ಕಮಲಾಪುರಕರ್, ಗ್ಲಾಸ್ಗೋ ಅಂತ ಅದ," ಎಂದರು ಇಂದೂಬಾಯಿ. "ಮಿಸೆಸ್ ಅಂದ್ರ ಹೆಂಡತಿ ಅಲ್ಲೇನ್ರಿ?"

"ಹೌದು."

"ನಿಮ್ಮ ಹೆಂಡತಿ ನಾನು. ನಾ ಇಲ್ಲೇ ನಿಂತೀನಿ. ಮತ್ತ ಇದನ್ನ ಬರದಾಕಿ ಯಾರು?"

ಪಾಂಡುರಂಗರಾಯರ ಕೈಯಿಂದ ತೊಗರಿಕಾಯಿ ಜಾರಿತು. ಅವರು ಮಹಾ ಅಂಜುಬುರುಕರು. ನಾಯಿ ಕಂಡರೆ ಓಣಿ ಬದಲಿಸುತ್ತಿದ್ದರು, ಜಗತ್ ಸರ್ಕಲ್ ದಾಟಬೇಕಾದರೆ ಯಾರಾದರೂ ದಪ್ಪನೆಯ ಮನುಷ್ಯ ಸಿಗುವ ತನಕ ಕಾದು ಅವನ ಮಗ್ಗುಲಲ್ಲೇ ದಾಟುತ್ತಿದ್ದರು. ಇಂಥವರು ಗ್ಲಾಸ್ಗೋದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾರೆಂದು ಇಂದೂಬಾಯಿ ಕೂಡ ಮನಸ್ಸಿನಲ್ಲಿ ನಂಬಿರಲಿಲ್ಲ. ಆದರೆ ಲಕೋಟೆ ಕೈಯಲ್ಲೇ ಇತ್ತಲ್ಲ.

"ಕೂಡು, ಹೇಳ್ತೀನಿ," ಎಂದರು ರಾಯರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯಿಂದ ಮುಚ್ಚಿಟ್ಟಿದ್ದ ಸಂಗತಿ ಅದೊಂದೇ. ತೀರಿಹೋದ ಅಪ್ಪ ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿದ್ದರು.

ಅದು ೧೯೪೨ರ ಮಾತು. ಕಮಲಾಪುರದಲ್ಲಿ ಅಪ್ಪ ಹಣಮಂತಾಚಾರ್ಯರು ಪೌರೋಹಿತ್ಯ ಮಾಡಿಕೊಂಡಿದ್ದರು. ದೊಡ್ಡ ಮಗ ಪಾಂಡುರಂಗನಿಗೆ ಹದಿನೆಂಟು, ಚಿಕ್ಕವ ಮುಕುಂದನಿಗೆ ಹದಿನೈದು. ಇಬ್ಬರೂ ನಿಜಾಮರ ಕಾಲದ ಉರ್ದು ಶಾಲೆಗೆ ಹೋದವರೇ. ಪಾಂಡುರಂಗ ಪಾಸಾಗಿ ಸರ್ಟಿಫಿಕೇಟು ತಂದಿದ್ದ. ಮುಕುಂದನನ್ನು ಮಾತ್ರ ಅಪ್ಪ ನಡುವೆಯೇ ಬಿಡಿಸಿ ಸಂಸ್ಕೃತಕ್ಕೆ ಕೂಡಿಸಿದರು. ದಿನಾ ಬೆಳಗ್ಗೆ ತಣ್ಣೀರು ಸ್ನಾನ, ಆಮೇಲೆ ರಾಮಃ ರಾಮೌ ರಾಮಾಃ. ಮುಕುಂದ ಏಳನೆಯ ವಿಭಕ್ತಿಗೆ ಬರುವಷ್ಟರಲ್ಲಿ ಎರಡನೆಯದನ್ನು ಮರೆಯುತ್ತಿದ್ದ. ಮರೆತಾಗ ಅಪ್ಪ ಕಿವಿ ಹಿಂಡುತ್ತಿದ್ದರು. ರಾಮಶಬ್ದ ಮುಗಿದರೆ ಹರಿಶಬ್ದ, ಅದು ಮುಗಿದರೆ ಗುರುಶಬ್ದ ಇದೆಯೆಂದು ಗೊತ್ತಾದ ದಿನ ಅವನು ಮನೆ ಬಿಟ್ಟ.

ಸೊಲ್ಲಾಪುರದಲ್ಲಿ ಇಂಗ್ರೇಜಿ ಸರ್ಕಾರದವರು ಪಲ್ಟನ್ನಿಗೆ ಜನ ಸೇರಿಸುತ್ತಿದ್ದರು. ಹದಿನೆಂಟು ತುಂಬಿರಬೇಕು ಎಂಬುದು ಕಾನೂನು. ಮುಕುಂದ ಹೋಗುವಾಗ ಅಣ್ಣನ ಟ್ರಂಕಿನಿಂದ ಅವನ ಶಾಲೆಯ ಸರ್ಟಿಫಿಕೇಟು ಎತ್ತಿಕೊಂಡು ಹೋಗಿದ್ದ. ಅದರಲ್ಲಿ ಹುಟ್ಟಿದ ವರ್ಷ ನಿಜಾಮರ ಫಸಲಿ ಲೆಕ್ಕದಲ್ಲಿ ೧೩೩೩ ಎಂದಿತ್ತು, ಇಂಗ್ರೇಜಿ ಲೆಕ್ಕಕ್ಕೆ ಅದು ೧೯೨೩. ಗೋರಾ ಸಾಹೇಬ ಅದನ್ನು ಓದಿಸಿ ಕೇಳಿ, ಹುಡುಗನಿಗೆ ಆರುನೂರು ದಾಟಿದೆಯೆಂದು ಲೆಕ್ಕ ಹಾಕಿ, ವಯಸ್ಸು ಸಾಕಷ್ಟಾಗಿದೆ ಎಂದು ಸಹಿ ಮಾಡಿದನಂತೆ. ಇದು ಮುಕುಂದ ಮುಂದೆ ಪತ್ರದಲ್ಲಿ ಬರೆದದ್ದು, ಎಷ್ಟು ಖರೆಯೋ ಗೊತ್ತಿಲ್ಲ. ಅಂತೂ ಅಂದಿನಿಂದ ಸರ್ಕಾರದ ಕಾಗದಗಳಲ್ಲಿ ಅವನು ಪಾಂಡುರಂಗ. ಅವನನ್ನು ಹೇಸರಗತ್ತೆಗಳ ತುಕಡಿಗೆ ಹಾಕಿ ಹಡಗು ಹತ್ತಿಸಿ ಇಟಲಿಗೆ ಕಳಿಸಿದರು. ಗುಡ್ಡದ ಮೇಲಿದ್ದ ಸೈನಿಕರಿಗೆ ಹೇಸರಗತ್ತೆಗಳ ಬೆನ್ನ ಮೇಲೆ ರೊಟ್ಟಿ, ಮದ್ದು, ಗುಂಡು ಮುಟ್ಟಿಸುವ ಕೆಲಸ.

ಇತ್ತ ಕಮಲಾಪುರದಲ್ಲಿ ಅಪ್ಪನಿಗೆ ಒಂದೇ ದಿಗಿಲು. ಒಂದೇ ಹೆಸರಿನ, ಒಂದೇ ಸರ್ಟಿಫಿಕೇಟಿನ ಇಬ್ಬರು ಇದ್ದಾರೆಂದು ಗೊತ್ತಾದರೆ ಇಬ್ಬರನ್ನೂ ಜೇಲಿಗೆ ಹಾಕುತ್ತಾರೆಂದು ಅವರು ನಂಬಿದ್ದರು. "ನೀ ಎಲ್ಲೂ ಸಹಿ ಮಾಡಬ್ಯಾಡ, ಗಾಡಿ ಹತ್ತಬ್ಯಾಡ, ಪೊಲೀಸರ ಮುಂದ ಕೆಮ್ಮಬ್ಯಾಡ," ಎಂದು ದೊಡ್ಡ ಮಗನನ್ನು ನಾಲ್ಕು ವರ್ಷ ಮನೆಯಲ್ಲೇ ಕೂಡಿಸಿದರು. ಮಾಡಲು ಬೇರೆ ಕೆಲಸವಿಲ್ಲದೆ ಪಾಂಡುರಂಗ ಹಿತ್ತಲಲ್ಲಿ ಕೂತು ಎಮ್ಮೆಯ ಚಿತ್ರ ಬರೆಯುತ್ತ ಹೋದ. ಅವರು ಡ್ರಾಯಿಂಗ್ ಮಾಸ್ತರರಾದದ್ದೂ ಅಂಜುಬುರುಕರಾದದ್ದೂ ಹೀಗೆಯೇ.

೧೯೪೪ರಲ್ಲಿ ಒಂದು ದಿನ ತಾರು ಬಂತು: ಪಾಂಡುರಂಗನಿಗೆ ಇಟಲಿಯಲ್ಲಿ ಎಡಗಾಲಿಗೆ ಗಾಯವಾಗಿದೆ. ಆ ಹೊತ್ತಿಗೆ ಪಾಂಡುರಂಗ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದ. ಅವ್ವ ತಾರು ಕೇಳಿ ಗೊಳೋ ಎಂದು ಅತ್ತಳು. ಅತ್ತಮೇಲೆ, ಮಗನ ಗಾಯಕ್ಕೆ ಏನಾದರೂ ಮಾಡದೆ ಇರಲಾರದೆ, ಎದುರಿಗಿದ್ದ ಮಗನನ್ನೇ ಮಲಗಿಸಿ ಅವನ ಎಡಗಾಲಿಗೆ ಅರಿಶಿನದ ಪಟ್ಟಿ ಕಟ್ಟಿದಳು. "ಅವ್ವಾ, ನನಗೇನೂ ಆಗಿಲ್ಲ," ಎಂದ ಪಾಂಡುರಂಗ. "ಸುಮ್ಮನ ಬಿದ್ಕೋ, ತಾರಿನ್ಯಾಗ ನಿನ್ನ ಹೆಸರೇ ಅದ," ಎಂದಳು ಅವ್ವ. ಹನ್ನೊಂದು ದಿನ ಅವನು ಕುಂಟಬೇಕಾಯಿತು.

ಲಡಾಯಿ ಮುಗಿದಮೇಲೆ ಮುಕುಂದ ಊರಿಗೆ ಬರಲಿಲ್ಲ. ಸುಳ್ಳು ಹೆಸರಿನ ಭಯ ಒಂದು ಕಡೆ, ಹರಿಶಬ್ದದ ಭಯ ಇನ್ನೊಂದು ಕಡೆ. ಹಡಗಿನಲ್ಲಿ ಕೆಲಸ ಹಿಡಿದು ಗ್ಲಾಸ್ಗೋದಲ್ಲಿ ಇಳಿದ, ಟ್ರಾಮಿನ ಕಂಡಕ್ಟರಾದ, ಆಮೇಲೆ ಬಸ್ ಡ್ರೈವರಾದ, ಅಲ್ಲಿಯವಳೇ ಆದ ಜೀನ್ ಎಂಬಾಕೆಯನ್ನು ಮದುವೆಯಾದ. ವರ್ಷಕ್ಕೆ ಒಂದೆರಡು ಪತ್ರ ಉರ್ದುವಿನಲ್ಲಿ ಬರುತ್ತಿದ್ದವು. ಸೆನ್ಸಾರಿನವರ ಭಯದಲ್ಲಿ ಬಿದ್ದ ರೂಢಿ ತಪ್ಪದೆ ಇವತ್ತಿಗೂ ಅವು "ಪಾಂಡುರಂಗನಿಗೆ ಪಾಂಡುರಂಗನ ನಮಸ್ಕಾರ" ಎಂದೇ ಶುರುವಾಗುತ್ತಿದ್ದವು. ಮೈದುನ ಮುಕುಂದ ವಿಲಾಯತಿಯಲ್ಲಿ ಬಸ್ಸು ಓಡಿಸುತ್ತಾನೆ ಎಂಬಷ್ಟೇ ಇಂದೂಬಾಯಿಗೆ ಗೊತ್ತಿತ್ತು. ಉರ್ದು ಅವರಿಗೆ ಬರುತ್ತಿರಲಿಲ್ಲ.

ಇಷ್ಟನ್ನೂ ಕೇಳುತ್ತ ಇಂದೂಬಾಯಿ ಉಳಿದ ತೊಗರಿಕಾಯಿಯನ್ನೆಲ್ಲ ಸುಲಿದು ಮುಗಿಸಿದ್ದರು.

"ಅಂದ್ರ ಕಾಗದದ ಪ್ರಕಾರ ನಿಮಗ ಇಬ್ಬರು ಹೆಂಡರು," ಎಂದರು ಕೊನೆಗೆ.

"ಕಾಗದದ ಪ್ರಕಾರ."

"ಆಯ್ತು. ಲಕೋಟಿ ಒಡೀರಿ. ಆಕಿ ಏನು ಬರದಾಳ ನೋಡೋಣ."

ಜೀನ್ ಬರೆದಿದ್ದಳು: ಪಾಂಡುರಂಗ ಈ ತಿಂಗಳು ನಿವೃತ್ತನಾಗುತ್ತಾನೆ, ಜನವರಿಯಲ್ಲಿ ಅವನನ್ನು ಕರೆದುಕೊಂಡು ಬರುತ್ತೇನೆ, ಅವನ ಪ್ರೀತಿಯ ತಮ್ಮ ಮುಕುಂದನನ್ನು ನೋಡಲು ತುದಿಗಾಲಲ್ಲಿ ನಿಂತಿದ್ದೇನೆ, ಕಮಲಾಪುರದ ಪೋಸ್ಟ್ ಮಾಸ್ತರರಿಗೂ ಒಂದು ಪತ್ರ ಹಾಕಿದ್ದೇನೆ, ಹುಟ್ಟಿದೂರಿನವರು ತಮ್ಮ ಸೈನಿಕನನ್ನು ಮರೆತಿರಲಾರರು.

ಎರಡು ದಿನ ಬಿಟ್ಟು ಉರ್ದುವಿನ ಪತ್ರ ಬಂತು. ಪಾಂಡುರಂಗರಾಯರು ಅದನ್ನು ಹೆಂಡತಿಗೆ ಓದಿ ಹೇಳಿದರು. "ಅಣ್ಣಾ, ಜೀನ್‌ಗೆ ಏನೂ ಗೊತ್ತಿಲ್ಲ. ಮದುವೆಗೆ ಮುಂಚೆ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಮದುವೆ ಆಗಿಹೋಯಿತು. ಆಮೇಲೆ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಮೂವತ್ಮೂರು ವರ್ಷ ಆಗಿಹೋದವು. ಹದಿನೈದು ದಿನದ ಮಟ್ಟಿಗೆ ನೀನು ಮುಕುಂದನಾಗು. ನಾನು ನಲವತ್ತಾರು ವರ್ಷ ನೀನಾಗಿದ್ದೇನೆ, ನನಗೇನೂ ತ್ರಾಸಾಗಿಲ್ಲ."

"ಅವನಿಗಿ ಆಗಿಲ್ಲ ಬಿಡ್ರಿ," ಎಂದರು ಇಂದೂಬಾಯಿ. "ಕಾಲಿಗಿ ಪಟ್ಟಿ ಕಟ್ಟಿಸಿಕೊಂಡಾವ್ರು ನೀವು."

ರಾಯರು ಬಾಗಿಲ ಮೇಲಿನ ಹೆಸರಿನ ಹಲಗೆ ಕೀಳಲು ಸ್ಟೂಲು ಹತ್ತಿದ್ದಾಗಲೇ ಕಮಲಾಪುರದಿಂದ ದೌಲಪ್ಪ ಬಂದ. ಅವನು ಎರಡು ಯುದ್ಧ ಮಾಡಿ ನಿವೃತ್ತನಾದ ಹವಾಲ್ದಾರ, ಊರಿನ ಮಾಜಿ ಸೈನಿಕರ ಸಂಘದ ಅಧ್ಯಕ್ಷ. ಆ ಸಂಘದಲ್ಲಿ ಅವನನ್ನು ಬಿಟ್ಟರೆ ಇನ್ನೂ ಮೂವರಿದ್ದರು. ಪೋಸ್ಟ್ ಮಾಸ್ತರರು ಜೀನ್‌ಳ ಪತ್ರವನ್ನು ಅವನ ಕೈಗೆ ಕೊಟ್ಟಿದ್ದರು.

"ಪಾಂಡುರಂಗರಾವ ಸಾಹೇಬ್ರ ಮನಿ ಇದೇ ಏನ್ರಿ?" ಎಂದ ದೌಲಪ್ಪ, ಅಟೆನ್ಷನ್ನಿನಲ್ಲಿ ನಿಂತು.

"ಹೌದು. ಅಲ್ಲ. ಅಂದ್ರ, ಅವ್ರು ಜನವರಿದಾಗ ಬರ್ತಾರ. ನಾನು ಅವ್ರ ತಮ್ಮ, ಮುಕುಂದ." ಬಾಯಿಂದ ಮೊದಲ ಸಲ ಆ ಮಾತು ಬಿದ್ದಾಗ ರಾಯರು ಸ್ಟೂಲಿನ ಮೇಲಿಂದಲೇ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ದೌಲಪ್ಪ ಹಲಗೆ ನೋಡಿದ. "ಬೋರ್ಡಿನ್ಯಾಗ ಪಾಂಡುರಂಗರಾವ ಅಂತ ಅದಲ್ರಿ."

"ಅಣ್ಣನ ಮ್ಯಾಲ ಅಭಿಮಾನ," ಎಂದರು ರಾಯರು, ಬೇರೆ ಏನೂ ಹೊಳೆಯದೆ.

ದೌಲಪ್ಪನ ಕಣ್ಣು ತೇವವಾದವು. "ಇಂಥಾ ತಮ್ಮಂದಿರು ಈಗ ಸಿಗಂಗಿಲ್ರಿ," ಎಂದು ಸೆಲ್ಯೂಟ್ ಹೊಡೆದ. ಜನವರಿ ಇಪ್ಪತ್ತನೆಯ ತಾರೀಖಿಗೆ ಕಮಲಾಪುರದ ಶಾಲೆಯ ಮುಂದೆ ಸತ್ಕಾರ ಇಟ್ಟುಕೊಂಡಿದ್ದಾಗಿ ಹೇಳಿ, ಹಲಗೆಯನ್ನು ತಾನೇ ಮತ್ತೊಮ್ಮೆ ಗಟ್ಟಿಯಾಗಿ ಮೊಳೆ ಹೊಡೆದು ಕೂಡಿಸಿ ಹೋದ.

ಜನವರಿ ಹತ್ತಕ್ಕೆ ಮುಂಬೈ ಗಾಡಿಯಿಂದ ಮುಕುಂದ ಇಳಿದ. ಮನೆ ಬಿಡುವಾಗ ಕಡ್ಡಿಯಂತಿದ್ದ ಹುಡುಗನಿಗೆ ಈಗ ಉಣ್ಣೆಯ ಟೊಪ್ಪಿಗೆ, ಬೋಳು ತಲೆ, ಕೋಟಿನ ಗುಂಡಿ ಹಾಕಗೊಡದ ಹೊಟ್ಟೆ. ಅವನ ಹಿಂದೆ ಅವನಿಗಿಂತ ಗೇಣುದ್ದ ಎತ್ತರದ, ಕೆಂಪು ಕೆನ್ನೆಯ ಜೀನ್, ಒಂದು ಮೋಡವೂ ಇಲ್ಲದ ಆಕಾಶದ ಕೆಳಗೆ ಛತ್ರಿ ಹಿಡಿದುಕೊಂಡು.

ಪಾಂಡುರಂಗರಾಯರು ತಮ್ಮನನ್ನು ಅಪ್ಪಿಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಜೀನ್ ನಗುತ್ತ ಏನೋ ಹೇಳಿದಳು. ಆಕೆ ಹೊರಡುವ ಮುಂಚೆ ಹಿಂದೂ ಪದ್ಧತಿಗಳ ಮೇಲೆ ಒಂದು ಪುಸ್ತಕ ಓದಿಕೊಂಡು ಬಂದಿದ್ದಳು. ಚಿಕ್ಕವರು ದೊಡ್ಡವರ ಕಾಲಿಗೆ ಬೀಳುತ್ತಾರಂತೆ, ಅದನ್ನು ಕಣ್ಣಾರೆ ನೋಡಬೇಕು, ಫೋಟೋ ತೆಗೆಯುತ್ತೇನೆ ಎಂದು ಕ್ಯಾಮೆರಾ ಬಿಚ್ಚಿದಳು.

ರಾಯರು ತಮ್ಮನ ಮುಖ ನೋಡಿದರು. ಮುಕುಂದ ತಲೆ ತಗ್ಗಿಸಿ ಟೊಪ್ಪಿಗೆ ಸರಿಮಾಡಿಕೊಂಡ. ಅರವತ್ತೈದರ ಅಣ್ಣ ಸೊಂಟ ಹಿಡಿದುಕೊಂಡು ಬಗ್ಗಿ ಅರವತ್ತೊಂದರ ತಮ್ಮನ ಕಾಲು ಮುಟ್ಟಿದರು. ಬಿಸಿಲು ಸರಿಯಿಲ್ಲವೆಂದು ಜೀನ್ ಎರಡನೆಯ ಸಲ ಮುಟ್ಟಿಸಿದಳು.

"ದೀರ್ಘಾಯುಷ್ಯ ಆಗಲಿ ತಮ್ಮಾ," ಎಂದ ಮುಕುಂದ.

"ಮನಿಗಿ ನಡಿ, ನಿನ್ನ ಆಯುಷ್ಯ ನೋಡ್ತೀನಿ," ಎಂದರು ಅಣ್ಣ, ಮೆಲ್ಲಗೆ.

ಮನೆಯಲ್ಲಿ ತಿಳಿದ ಸಂಗತಿಯೆಂದರೆ, ಮುಕುಂದನ ಕನ್ನಡಕ್ಕೆ ಇನ್ನೂ ಹದಿನೈದೇ ವರ್ಷ. ಊರು ಬಿಟ್ಟ ದಿನ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತ್ತು. ದೊಡ್ಡವರ ಹಾಗೆ ಮಾತಾಡುವುದನ್ನು ಅವನು ಕಲಿಯುವ ಮೊದಲೇ ಹೋಗಿಬಿಟ್ಟಿದ್ದ. "ವೈನೀ, ಇನ್ನಷ್ಟು ಶೇಂಗಾ ಹಿಂಡಿ ಹಾಕು, ಇಲ್ಲಾಂದ್ರ ನಾ ಉಣ್ಣಂಗಿಲ್ಲ ನೋಡು," ಎಂದು ಆ ಹೊಟ್ಟೆಯ ಮನುಷ್ಯ ತಟ್ಟೆ ಮುಂದೆ ತಳ್ಳಿದಾಗ ಇಂದೂಬಾಯಿಗೆ ಬಂದಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಎರಡು ಚಮಚ ಹಿಂಡಿ ಹೆಚ್ಚಿಗೆ ಹಾಕಿ ಮೇಲೆ ಎಣ್ಣೆಯನ್ನೂ ಬಿಟ್ಟರು.

ಕಷ್ಟವೆಲ್ಲ ಓಣಿಯವರಿಂದ. ಮಗ್ಗುಲು ಮನೆಯ ಚಂದ್ರಾಬಾಯಿ ಬೆಳಗಾದರೆ ಗೋಡೆಯಾಚೆಯಿಂದ, "ಪಾಂಡುರಂಗರಾವ, ನಿಮ್ಮ ನಳ ಬಂತೇನ್ರಿ?" ಎಂದು ಕೂಗುತ್ತಿದ್ದರು. ರಾಯರು ಬಾಯಿ ಮುಚ್ಚಿಕೊಂಡು ಕೂಡುತ್ತಿದ್ದರು, ಮುಕುಂದ ಕೋಣೆಯಿಂದಲೇ "ಬಂದದ, ಬಂದದ" ಎನ್ನುತ್ತಿದ್ದ. ಹಳೆಯ ವಿದ್ಯಾರ್ಥಿಗಳು ಓಣಿಯಲ್ಲಿ ಸೈಕಲ್ ಇಳಿದು ಪಾಂಡುರಂಗ ಸರ್ ಚೆನ್ನಾಗಿದ್ದಾರಾ ಎಂದು ಕೇಳಿ ಹೋಗುತ್ತಿದ್ದರು. ಜೀನ್‌ಗೆ ಹೆಮ್ಮೆಯೋ ಹೆಮ್ಮೆ. "ನಲವತ್ತಾರು ವರ್ಷವಾದರೂ ಊರಿಗೆ ಊರೇ ನಿನ್ನ ಹೆಸರು ಹಿಡಿದು ಕೂಗುತ್ತಿದೆಯಲ್ಲ. ಪಾಪ, ನಿನ್ನ ತಮ್ಮನನ್ನು ಒಬ್ಬರೂ ಕೇಳುವುದಿಲ್ಲ," ಎಂದು ಆಕೆ ಇಂಗ್ಲಿಷಿನಲ್ಲಿ ಕನಿಕರಪಟ್ಟಾಗ, ಆ ತಮ್ಮ ಎದುರಿಗೇ ಕೂತು ಚಹಾ ಸೋಸುತ್ತಿದ್ದರು.

ಹೀಗೆ ಹತ್ತು ದಿನ ಹೇಗೋ ಜಾರಿದವು. ಇಪ್ಪತ್ತರಂದು ಬೆಳಗ್ಗೆ ದೌಲಪ್ಪ ಜೀಪು ತಂದ.

ಕಮಲಾಪುರದ ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. "ಎರಡನೇ ಮಹಾಯುದ್ಧದ ವೀರ ಶ್ರೀ ಪಾಂಡುರಂಗರಾವ ಅವರಿಗೆ ಸುಸ್ವಾಗತ" ಎಂದು ಬಟ್ಟೆಯ ಮೇಲೆ ಬರೆಸಿದ್ದರು. ಒಂದು ಶಾಲು, ಒಂದು ತೆಂಗಿನಕಾಯಿ, ಒಂದು ಹಾರ, ಒಂದು ಮೈಕು. ಸುಮಾರು ಇನ್ನೂರು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು, ಅವರ ನಡುವೆ ಕಂಬಳಿ ಹೊದ್ದು ಕೂತ ದುಂಡಮ್ಮ. ತೊಂಬತ್ತರ ಹತ್ತಿರದ ಮುದುಕಿ, ಬಾಳೆತೋಟದ ಮನೆತನದವಳು. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

ದೌಲಪ್ಪ ಮೈಕಿನಲ್ಲಿ, "ಈಗ ವೀರ ಪಾಂಡುರಂಗರಾವ ಅವ್ರು ವೇದಿಕಿ ಮ್ಯಾಲ ಬರಬೇಕು," ಎಂದ.

ಜೀನ್ ಗಂಡನ ಬೆನ್ನು ತಟ್ಟಿದಳು. ಮುಕುಂದ ಕೋಟು ಜಗ್ಗಿಕೊಂಡು ಎದ್ದ. ಆದರೆ ಅಷ್ಟರೊಳಗೆ ಮುಂದಿನ ಸಾಲಿನ ಇಬ್ಬರು ಮುದುಕರು ಪಾಂಡುರಂಗರಾಯರ ಎರಡೂ ರಟ್ಟೆ ಹಿಡಿದು ಮೆಟ್ಟಿಲ ಕಡೆ ದೂಡುತ್ತಿದ್ದರು. ಅವರು ರಾಯರ ಜೊತೆ ಬಾವಿಯಲ್ಲಿ ಈಜಿದವರು.

"ಅವ್ರಲ್ರಿ, ಅವ್ರು ತಮ್ಮ ಮುಕುಂದರಾವ," ಎಂದ ದೌಲಪ್ಪ.

"ನಮ್ಮ ಪಾಂಡೂನ್ನ ನಮಗೇ ಹೇಳಾಕ ಬರ್ತಿಯೇನೋ," ಎಂದ ಒಬ್ಬ ಮುದುಕ. "ನೋಡು ಎಂಥಾ ಮನಷ್ಯಾ. ಲಡಾಯಿ ಮಾಡಿ ಬಂದು ಒಂದು ಮಾತು ಬಾಯಿ ಬಿಟ್ಟಿಲ್ಲ. ನಾವು ಎಮ್ಮಿ ಚಿತ್ರ ಬರೀತಾ ಮನ್ಯಾಗೇ ಕುಂತಾನ ಅಂತ ತಿಳಕೊಂಡಿದ್ವಿ."

ಹಾರ ಬಿತ್ತು. ಪಾಂಡುರಂಗರಾಯರು ಮೈಕಿನ ಮುಂದೆ ನಿಂತಿದ್ದರು. ನಾನು ಮುಕುಂದ ಎಂದರೆ ಊರೆಲ್ಲ ನಗುತ್ತದೆ. ನಾನು ಪಾಂಡುರಂಗ ಎಂದರೆ ಆ ಹೆಸರು ಕಿವಿಗೆ ಬೀಳುತ್ತಲೇ ಆ ಎತ್ತರದ ಹೆಂಗಸು ಛತ್ರಿ ಹಿಡಿದುಕೊಂಡು ವೇದಿಕೆ ಹತ್ತುತ್ತಾಳೆ. ಅವರು ಎರಡೂ ಹೇಳಲಿಲ್ಲ. ಕಣ್ಣು ಮುಚ್ಚಿ, "ಇಟಲಿ ಒಳಗ ಮಳಿ ಬಹಳ," ಎಂದರು.

ಆ ಒಂದು ಮಾತು ಹೊರಬಿದ್ದಮೇಲೆ ಉಳಿದದ್ದು ತಾನೇ ಬಂತು. ತಮ್ಮನ ಪತ್ರಗಳನ್ನು ಅವರು ಎಷ್ಟು ಸಲ ಓದಿದ್ದರೆಂದರೆ ಇಟಲಿಯ ಗುಡ್ಡಗಳು ಅವರಿಗೆ ಕಮಲಾಪುರದ ದಿಣ್ಣೆಗಳಷ್ಟೇ ಗೊತ್ತಿದ್ದವು. ಮೊಣಕಾಲುದ್ದ ಕೆಸರು, ಸಾಲಾಗಿ ಹೊರಟ ಹೇಸರಗತ್ತೆಗಳು, ಸದ್ದಾಗದಂತೆ ಅವುಗಳ ಗೊರಸಿಗೆ ಕಟ್ಟಿದ ಗೋಣಿತಟ್ಟು, ಕತ್ತಲಾಗುವ ಮೊದಲೇ ಏರಬೇಕಾದ ಏರು. ಒಂದು ಹೇಸರಗತ್ತೆ ಪ್ರವಾಹದಲ್ಲಿ ತೇಲಿಹೋಗುತ್ತ ತಿರುಗಿ ನೋಡಿದ್ದನ್ನು ಅವರು ಹೇಳಿದಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ರಾಯರ ದನಿಗೆ ಕಸುವು ಬಂತು. ಕೈ ಬೀಸಿ ಮಾತಾಡಿದರು. ಇಂದೂಬಾಯಿ ಗಂಡನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡುತ್ತಿದ್ದರು.

"ನಿನ್ನ ತಮ್ಮ ಏನು ಹೇಳುತ್ತಿದ್ದಾನೆ?" ಎಂದು ಜೀನ್ ಕೇಳಿದಳು.

"ನನ್ನ ಬಗ್ಗೆಯೇ," ಎಂದ ಮುಕುಂದ. ಅದು ಸುಳ್ಳಾಗಿರಲಿಲ್ಲ. ಆದರೆ ಅವನ ಮುಖ ಸಣ್ಣದಾಗಿತ್ತು. ಆ ಕೆಸರಿನಲ್ಲಿ ನಡೆದವನು ಅವನು, ಹಾರ ಇನ್ನೊಬ್ಬರ ಕೊರಳಲ್ಲಿ.

"ನಮ್ಮ ತುಕಡ್ಯಾಗ ಎಲ್ಲಕ್ಕಿಂತ ಶಾಣ್ಯಾ ಹೇಸರಗತ್ತಿ ಅಂದ್ರ ಪಾರ್ವತೀಬಾಯಿ," ಎಂದರು ರಾಯರು. "ನಮ್ಮ ಸೋದರತ್ತಿ ಹೆಸರು. ಇಬ್ಬರ ಮಾರಿನೂ ಒಂದೇ ನಮೂನಿ ಇತ್ತು, ಅದಕ್ಕ ಇಟ್ಟದ್ದು. ಬಿಳಿ ಖಚ್ಚರ ಅದು."

ಮುಕುಂದನಿಗೆ ತಡೆಯಲಾಗಲಿಲ್ಲ. "ಸುಳ್ಳು, ಸುಳ್ಳು," ಎಂದು ಎದ್ದು ನಿಂತು ಕೂಗಿದ. "ಬಿಳೀದಲ್ಲ, ಕಂದು. ಬಿಳೀದು ಬ್ಯಾರೆ. ನಿನಗೇನು ಗೊತ್ತದ, ನೀ ಇದ್ದಿಯೇನಲ್ಲಿ?"

ಕಂಬಳಿಯೊಳಗಿಂದ ದುಂಡಮ್ಮ ತಲೆ ಎತ್ತಿದಳು.

"ಯಾಂವದು ದನಿ? ಇನ್ನೊಮ್ಮಿ ಒದರು," ಎಂದಳು.

ಮುಕುಂದ ಗಕ್ಕನೆ ಕೂತುಬಿಟ್ಟ. ಆದರೂ ಆಕೆಗೆ ಸಾಕಾಗಿತ್ತು. "ಮುಕ್ಯಾ," ಎಂದಳು. "ಆಚಾರ್ರ ಸಣ್ಣ ಮಗ ಮುಕ್ಯಾ ಅಲ್ಲೇನು ನೀನು? ನಮ್ಮ ತ್ವಾಟದಾಗ ಕೆಂಪು ಬಾಳಿಹಣ್ಣು ಕದ್ದು ಓಡಿದಾಂವ. ಅಂಗಿ ಹಿಡದಿದ್ನಿ, ಅಂಗಿ ಬಿಟ್ಟು ಹ್ವಾದಿ. ಅವತ್ತು ಹಿಂಗೇ ಒದರಿದ್ದಿ, ಸುಳ್ಳು ಸುಳ್ಳು ಅಂತ. ಅಂದಿನಿಂದ ಕಂಡಿಲ್ಲ ನೋಡು."

ಇನ್ನೂರು ಜನ ಮುಕುಂದನ ಕಡೆ ತಿರುಗಿದರು. ಒಂದು ಮಾತೂ ತಿಳಿಯದ ಜೀನ್ ಕೂಡ ತಿರುಗಿದಳು. ಇಟಲಿಯಿಂದ ಜೀವಂತ ಬಂದವನು ಕಮಲಾಪುರದ ಶಾಮಿಯಾನದಲ್ಲಿ ಬೆವೆತುಹೋದ. ಕೊನೆಗೆ ವೇದಿಕೆ ಹತ್ತಿ ಅಣ್ಣನ ಕೈಯಿಂದ ಮೈಕು ತೆಗೆದುಕೊಂಡು, ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ಇಂಗ್ಲಿಷಿನಲ್ಲಿ, ಎಲ್ಲವನ್ನೂ ಹೇಳಿದ.

ಸರ್ಟಿಫಿಕೇಟು ಕದ್ದದ್ದು, ಹೆಸರು ಬದಲಿಸಿದ್ದು ಹೇಳಿದ. ಆಮೇಲೆ ಪತ್ರದಲ್ಲಿ ಕೂಡ ಬರೆಯದಿದ್ದುದನ್ನು ಹೇಳಿದ. ಸೊಲ್ಲಾಪುರದಲ್ಲಿ ಡಾಕ್ಟರು ತೂಕ ಹಾಕಿದಾಗ ಐದು ಪೌಂಡು ಕಡಿಮೆ ಬಿದ್ದಿತ್ತು. ಮಧ್ಯಾಹ್ನ ಬಾ ಎಂದಿದ್ದರು. ಮುಕುಂದ ಗೋಡೆಯ ಹಿಂದೆ ಕೂತು ದುಂಡಮ್ಮನ ತೋಟದ ಇಪ್ಪತ್ತಾರು ಹಣ್ಣುಗಳನ್ನು ಒಂದಾದಮೇಲೊಂದು ನುಂಗಿ, ಮೇಲೆ ನಳಕ್ಕೆ ಬಾಯಿ ಹಚ್ಚಿ ಹೊಟ್ಟೆ ತುಂಬ ನೀರು ಕುಡಿದು, ಉಸಿರು ಬಿಗಿಹಿಡಿದು ತಕ್ಕಡಿ ಹತ್ತಿದ. ಪಾಸಾದ. ಹೊರಗೆ ಬಂದು ಪಲ್ಟನ್ನಿನ ಬೂಟುಗಳ ರಾಶಿಯ ಮೇಲೆ ಎಲ್ಲವನ್ನೂ ಕಕ್ಕಿದ.

"ಅಂದ್ರ ನಮ್ಮ ಬಾಳಿಹಣ್ಣಿನ ತೂಕದ ಮ್ಯಾಲ ಲಡಾಯಿಗಿ ಹ್ವಾದಿ," ಎಂದಳು ದುಂಡಮ್ಮ, ಸುತ್ತಮುತ್ತಲಿನವರ ಕಡೆ ಮುಖ ತಿರುಗಿಸುತ್ತ. ಸಿಟ್ಟು ಎಲ್ಲೋ ಹೋಗಿ ಆಕೆಯ ಕೊರಳು ನೆಟ್ಟಗಾಗಿತ್ತು.

"ಮತ್ತ ಕಾಲಿನ ಗಾಯ?" ಎಂದರು ಪಾಂಡುರಂಗರಾಯರು ಪಕ್ಕದಿಂದ. "ತೋಪಿನ ಗುಂಡು ಬಿತ್ತು ಅಂತ ಬರದಿದ್ದಿ."

ಮುಕುಂದ ನೆಲ ನೋಡಿದ. "ಪಾರ್ವತೀಬಾಯಿ ಒದ್ದಳು," ಎಂದ. ಅದನ್ನು ಇಂಗ್ಲಿಷಿನಲ್ಲಿಯೂ ಹೇಳಬೇಕಾಯಿತು.

ಜನ ನಕ್ಕ ನಗೆಗೆ ಶಾಮಿಯಾನದ ಮೇಲಿದ್ದ ಕಾಗೆಗಳು ಹಾರಿದವು. ದೌಲಪ್ಪನೊಬ್ಬನಿಗೇ ನಗು ಬರಲಿಲ್ಲ. ಶಾಲು ಒಂದೇ ಇತ್ತು. ಕಾಗದದಲ್ಲಿದ್ದ ಹೆಸರಿನವನಿಗೆ ಹೊದಿಸಬೇಕೋ ಕಾಲಿಗೆ ಒದೆಸಿಕೊಂಡವನಿಗೆ ಹೊದಿಸಬೇಕೋ ಎಂದು ಅವನು ಸಂಘದ ಉಳಿದ ಮೂವರನ್ನು ಬದಿಗೆ ಕರೆದು ಬಹಳ ಹೊತ್ತು ವಿಚಾರ ಮಾಡಿದ. ಕೊನೆಗೆ ಶಾಲನ್ನು ಪಾಂಡುರಂಗರಾಯರಿಗೆ ಹೊದಿಸಿ, ತೆಂಗಿನಕಾಯಿಯನ್ನು ಮುಕುಂದನ ಕೈಗೆ ಕೊಟ್ಟು, ಇಬ್ಬರಿಗೂ ನಡುವೆ ನಿಂತು ಒಂದೇ ಸೆಲ್ಯೂಟ್ ಹೊಡೆದ.

ಜೀನ್ ಛತ್ರಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಜೀಪು ಹತ್ತಿದಮೇಲೆ ಒಂದೊಂದೇ ಪ್ರಶ್ನೆ ಕೇಳಿದಳು.

"ಹಾಗಾದರೆ ನಿನಗೆ ಅರವತ್ತೈದು ಆಗಿಲ್ಲ."

"ಅರವತ್ತೊಂದು."

"ಅರವತ್ತೈದರ ಹುಟ್ಟುಹಬ್ಬ ಅಂತ ಮೊನ್ನೆ ನಾನು ಮೂರು ಅಂತಸ್ತಿನ ಕೇಕು ಮಾಡಿದೆ."

"ಬಹಳ ಚೆನ್ನಾಗಿತ್ತು."

"ಅಂದರೆ ನೀನು ಇನ್ನೂ ಮೂರು ವರ್ಷಕ್ಕಿಂತ ಹೆಚ್ಚು ಬಸ್ಸು ಓಡಿಸಬಹುದಿತ್ತು. ಇಡೀ ದಿನ ಮನೆಯಲ್ಲಿ ನನ್ನ ಕಾಲಿಗೆ ಅಡ್ಡ ಅಡ್ಡ ತಿರುಗದೆ ಇರಬಹುದಿತ್ತು."

ಹೆಸರಿಗಿಂತ, ಗಾಯಕ್ಕಿಂತ, ಇದೇ ಆಕೆಗೆ ಹೆಚ್ಚು ಹತ್ತಿತ್ತು.

ಎರಡು ದಿನ ಜೀನ್ ಗಂಡಸರಿಬ್ಬರ ಜೊತೆಗೂ ಮಾತು ಬಿಟ್ಟಳು. ಅಡುಗೆಮನೆಯಲ್ಲಿ ಇಂದೂಬಾಯಿಯ ಮಗ್ಗುಲಿಗೆ ಮಣೆ ಹಾಕಿಕೊಂಡು ಕೂತುಬಿಟ್ಟಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಂದೂಬಾಯಿ ರೊಟ್ಟಿ ಬಡಿಯುವುದನ್ನು ತೋರಿಸಿದರು. ಜೀನ್ ಬಡಿದ ರೊಟ್ಟಿಗಳು ಒಂದೊಂದು ದಿಕ್ಕಿಗೆ ಒಂದೊಂದು ಬಾಲ ಬಿಟ್ಟವು. ಆದರೆ ಆಕೆ ಬಡಿಯುವ ಬಿರುಸು ನೋಡಿದರೆ ಹಿಟ್ಟಿನ ಮೇಲೆ ಯಾರನ್ನು ನೆನೆಯುತ್ತಿದ್ದಾಳೆಂದು ತಿಳಿಯುತ್ತಿತ್ತು. ಹೊರಗಿನ ಕೋಣೆಯಲ್ಲಿ ಅಣ್ಣ ತಮ್ಮ ಆ ಸದ್ದು ಕೇಳುತ್ತ, ಬಂದ ರೊಟ್ಟಿಯನ್ನು ದೂರು ಹೇಳದೆ ತಿನ್ನುತ್ತ ಕೂತಿದ್ದರು.

ಮೂರನೆಯ ದಿನ ಜೀನ್ ಪಾಂಡುರಂಗರಾಯರನ್ನು ದುಭಾಷಿಯಾಗಿ ಒಳಗೆ ಕರೆದಳು. ಇಂದೂಬಾಯಿಯನ್ನು ಒಂದು ಮಾತು ಕೇಳಬೇಕಿತ್ತು.

"ಮೂವತ್ಮೂರು ವರ್ಷ ತಪ್ಪು ಹೆಸರು ಹಿಡಿದು ಕರೆದಿದ್ದೇನೆ. ಹೊಸ ಹೆಸರು ನಾಲಿಗೆಗೆ ಹೊರಳುತ್ತಿಲ್ಲ. ಈ ಮನುಷ್ಯನನ್ನು ಇನ್ನು ಏನೆಂದು ಕರೆಯಲಿ?"

ಇಂದೂಬಾಯಿ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದರು. "ಆಕಿಗಿ ಹೇಳ್ರಿ. ನಾನು ಮದುವಿ ಆದಾಗಿಂದ ನಿಮ್ಮನ್ನ ಹೆಸರು ಹಿಡದು ಕರದಿಲ್ಲ. 'ಏನ್ರಿ' ಅಂತೀನಿ. ಹೆಸರು ಯಾವುದಿದ್ರೂ ನಡೀತದ."

ರಾಯರು ಅದನ್ನು ಇಂಗ್ಲಿಷಿಗೆ ಹಾಕಿದರು. ಜೀನ್ ಗಲ್ಲಕ್ಕೆ ಹಿಟ್ಟಿನ ಕೈ ಹಚ್ಚಿಕೊಂಡು ಯೋಚಿಸಿದಳು. ಇಷ್ಟು ಅನುಕೂಲದ ವ್ಯವಸ್ಥೆ ಪುಸ್ತಕದಲ್ಲಿ ಯಾಕೆ ಬರೆದಿರಲಿಲ್ಲವೋ. ನಾಲ್ಕಾರು ಸಲ ಬಾಯಲ್ಲಿ ಹೊರಳಿಸಿ ನೋಡಿ, ಎದ್ದು ಬಾಗಿಲಲ್ಲಿ ನಿಂತು, ಹೊರಕೋಣೆಯ ಕಡೆಗೆ ಗಟ್ಟಿಯಾಗಿ "ಯೇನ್ರೀ" ಎಂದಳು.

ಒಳಗೆ ಹೊರಗೆ ಇದ್ದ ಇಬ್ಬರು ಗಂಡಸರೂ ಒಟ್ಟಿಗೆ "ಓ" ಎಂದರು. ಹೊಸ್ತಿಲ ಮೇಲೆ ನಿಂತೇ ಜೀನ್ ನಕ್ಕಳು, ನಗು ನಿಲ್ಲದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಂದು ಸಂಜೆ ಅವಳೂ ಮುಕುಂದನೂ ಕೂಡಿ ಜಗತ್ ಸರ್ಕಲ್ಲಿಗೆ ಹೋಗಿ ಚಹಾ ಕುಡಿದು ಬಂದರು. ಗ್ಲಾಸ್ಗೋಗೆ ಮರಳುವ ದಿನ ಸ್ಟೇಷನ್ನಿನಲ್ಲಿ ಮುಕುಂದ ಯಾರೂ ಹೇಳದೆಯೇ ಬಗ್ಗಿ ಅಣ್ಣನ ಕಾಲು ಮುಟ್ಟಿದ. ಹೊಟ್ಟೆ ಅಡ್ಡ ಬಂದು ಏಳಲಾಗದೆ ಇಬ್ಬರು ಹಮಾಲರು ಎತ್ತಬೇಕಾಯಿತು. ಸರ್ಕಾರಿ ಕಾಗದದಲ್ಲಿ ಅವನು ಕೊನೆಯವರೆಗೂ ಪಾಂಡುರಂಗನೇ ಆಗಿ ಉಳಿದ. ಆ ಕಾಗದ ತಿದ್ದಿಸುವಷ್ಟು ಧೈರ್ಯ ಅವನಿಗೂ ಇರಲಿಲ್ಲ.

ಆಗಸ್ಟಿನಲ್ಲಿ ದೌಲಪ್ಪ ಮತ್ತೆ ಬ್ರಹ್ಮಪುರಕ್ಕೆ ಬಂದ. ಸ್ವಾತಂತ್ರ್ಯದ ದಿನ ಶಾಲೆಯ ಮಕ್ಕಳಿಗೆ ಲಡಾಯಿಯ ಕಥೆ ಹೇಳಬೇಕಂತೆ.

"ನಾ ಎಲ್ಲಿಗೂ ಹೋಗಿಲ್ಲ ದೌಲಪ್ಪಾ. ನಿನಗ ಗೊತ್ತದ, ಊರಿಗೆಲ್ಲ ಗೊತ್ತದ."

"ಗೊತ್ತದರಿ. ನಾ ಎರಡು ಲಡಾಯಿಗಿ ಹೋಗಿ ಬಂದೀನಿ. ಹೇಳಾಕ ನಿಂತ್ರ ಮೂರು ನಿಮಿಷದಾಗ ಮುಗೀತದ. ಹುಡುಗ್ರು ಕುಂತಲ್ಲೇ ತೂಕಡಿಸ್ತಾವ. ನೀವು ಬರ್ರಿ."

ಪಾಂಡುರಂಗರಾಯರು ಹೋದರು. ಮುಂದೆ ಪ್ರತಿ ವರ್ಷ ಹೋದರು. ಹೇಳಿದ್ದನ್ನೆಲ್ಲ ಬರೆದು ಗ್ಲಾಸ್ಗೋಗೆ ಕಳಿಸುತ್ತಿದ್ದರು, ಮುಕುಂದ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸುತ್ತಿದ್ದ. ನಾಲ್ಕನೆಯ ವರ್ಷ ರಾಯರು ಮಕ್ಕಳಿಗೆ ತೋರಿಸಲೆಂದು ದೊಡ್ಡ ಹಾಳೆಯ ಮೇಲೆ ಹೇಸರಗತ್ತೆಯ ಚಿತ್ರ ಬರೆದುಕೊಂಡು ಹೊರಟರು. ಬಸ್ಸಿನಲ್ಲಿ ಇಂದೂಬಾಯಿ ಹಾಳೆಯ ಸುರುಳಿ ಬಿಚ್ಚಿ ನೋಡಿದರು.

"ಇದರ ಕಿವಿ ಇಷ್ಟುದ್ದ ಇರ್ತಾವೇನ್ರಿ?"

ರಾಯರು ಕಿಟಕಿಯ ಬೆಳಕಿಗೆ ಚಿತ್ರ ಹಿಡಿದರು. ಅರವತ್ತೆಂಟು ವರ್ಷದ ಜೀವನದಲ್ಲಿ ಅವರು ಒಂದು ಹೇಸರಗತ್ತೆಯನ್ನೂ ಕಣ್ಣಿನಿಂದ ಕಂಡಿರಲಿಲ್ಲ.

"ಖರೆ ಹೇಳಬೇಕಂದ್ರ, ನನಗೂ ಗೊತ್ತಿಲ್ಲ," ಎಂದು ಜೇಬಿನಿಂದ ರಬ್ಬರು ತೆಗೆದು, ಬಸ್ಸು ಕುಲುಕುವುದು ನಿಂತಾಗಲೆಲ್ಲ ಎಡಗಿವಿಯನ್ನು ಚೂರು ಚೂರೇ ಗಿಡ್ಡ ಮಾಡತೊಡಗಿದರು.